ಮುನ್ನೂರ ಹನ್ನೆರಡು ಪುಸ್ತಕಗಳ ಮೊದಲ ಕ್ಯಾಸೆಟ್ಟು

ಮೇವಿಸ್ ಡಾಲ್ಗ್ರೆನ್ ಜನ್ಮದಲ್ಲಿ ಒಂದು ಪುಸ್ತಕವನ್ನೂ ಕೊನೆಯವರೆಗೆ ಕೇಳಿದವಳಲ್ಲ. ಆದರೂ ಎಂಬತ್ತನೇ ನಂಬರಿನ ಹೆದ್ದಾರಿಯಲ್ಲಿ ಲಾರಿ ಓಡಿಸುವ ನಮಗೆಲ್ಲ ಯಾವ ಪುಸ್ತಕ ಕೇಳಬೇಕೆಂದು ಹೇಳುತ್ತಿದ್ದವಳು ಅವಳೇ. ನಾವೂ ತಲೆಬಾಗಿ ಹೇಳಿಸಿಕೊಳ್ಳುತ್ತಿದ್ದೆವು. ಇಪ್ಪತ್ತು ಟನ್ ಆಲೂಗಡ್ಡೆ ಹೊತ್ತು ಮಂಜಿನಲ್ಲಿ ರಾಕಿ ಪರ್ವತ ದಾಟುವ ಗಂಡಸರು ಅವಳ ಮುಂದೆ ಟೋಪಿ ತೆಗೆದು, ಕ್ಯಾಸೆಟ್ಟಿನ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು, "ಇದು ನನಗೆ ಆಗುತ್ತಾ ಮೇವಿಸ್?" ಎಂದು ಕೇಳಿಕೊಂಡು ನಿಲ್ಲುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನಾನು ಹೇಳುತ್ತಿರುವುದು ತೊಂಬತ್ತಾರನೇ ಇಸವಿಯ ಮಾತು. ನೆಬ್ರಾಸ್ಕಾದ ಪಶ್ಚಿಮದ ತುದಿಯಲ್ಲಿ, ಸಿಡ್ನಿ ಊರು ದಾಟಿದ ಮೇಲೆ 'ಲೋನ್ ಎಲ್ಮ್' ಎಂಬ ಲಾರಿ ನಿಲ್ದಾಣವಿತ್ತು. ಹೆಸರಿನಲ್ಲಿದ್ದ ಎಲ್ಮ್ ಮರ ಎಂದೋ ಒಣಗಿ ಹೋಗಿತ್ತು. ಡೀಸೆಲ್ಲು, ಸ್ನಾನದ ಕೋಣೆ, ಮೊಟ್ಟೆ ಹುರಿಯುವ ಒಲೆ ಇದ್ದವು. ಕೌಂಟರಿನ ಪಕ್ಕ, ಫ್ಯಾನ್ ಬೆಲ್ಟುಗಳಿಗೂ ಒಣಮಾಂಸದ ಪೊಟ್ಟಣಗಳಿಗೂ ನಡುವೆ, ತಿರುಗಿಸಿದರೆ ಕಿರ್ರೆನ್ನುವ ಒಂದು ತಂತಿಯ ಸ್ಟ್ಯಾಂಡು. ಅದರ ತುಂಬ ಓದಿ ದನಿಮುದ್ರಿಸಿದ ಪುಸ್ತಕಗಳ ಕ್ಯಾಸೆಟ್ಟುಗಳು. ಇಲ್ಲಿ ಬಾಡಿಗೆಗೆ ಎತ್ತಿಕೊಂಡದ್ದನ್ನು ಡಿ ಮೊಯ್ನ್‌ನಿಂದ ರೀನೋವರೆಗಿನ ಯಾವ ನಿಲ್ದಾಣದಲ್ಲಾದರೂ ಇಳಿಸಿ ಇನ್ನೊಂದನ್ನು ಎತ್ತಿಕೊಳ್ಳಬಹುದು. ಆ ಸ್ಟ್ಯಾಂಡಿನ ಹಿಂದೆ, ಎಣ್ಣೆ ಜಿಡ್ಡಿನ ಆ ಜಗತ್ತಿನಲ್ಲಿ ಬಿಳಿ ಸ್ವೆಟರು ಹಾಕಿಕೊಂಡು ಕೂರುವ ಧೈರ್ಯವಿದ್ದ ಒಬ್ಬಳೇ ಹೆಂಗಸು ಮೇವಿಸ್. ವಯಸ್ಸು ಅರವತ್ತೊಂದು. ಐವತ್ತು ದಾಟಿದವರನ್ನೂ 'ಮರಿ' ಎಂದೇ ಕರೆಯುತ್ತಿದ್ದಳು.

ಅವಳ ಪ್ರಶ್ನೆಗಳು ಮೂರೇ. ಎಲ್ಲಿಗೆ ಹೊರಟಿದ್ದೀಯ? ಏನು ತುಂಬಿದ್ದೀಯ? ಅಲ್ಲಿ ನಿನಗಾಗಿ ಕಾಯ್ತಿರೋರು ಯಾರು? ಇಷ್ಟಕ್ಕೆ ಉತ್ತರ ಸಿಕ್ಕರೆ ಸ್ಟ್ಯಾಂಡನ್ನು ಅರ್ಧ ಸುತ್ತು ತಿರುಗಿಸಿ ಒಂದು ಡಬ್ಬಿ ತೆಗೆದು ಕೊಡುವಳು. ಹಂದಿ ತುಂಬಿದವನಿಗೆ ಕೊಲೆಯ ಕಥೆ ಇಲ್ಲ, ಕಿರುಚುತ್ತಿರುವುದು ಕಥೆಯ ಒಳಗೋ ಹೊರಗೋ ತಿಳಿಯದೆ ಗಾಬರಿಯಾಗುತ್ತಾನಂತೆ. ವಯೋಮಿಂಗಿನ ಗಾಳಿಗೆ ಹೋಗುವವನಿಗೆ ಗಡಸು ದನಿಯ ಓದುಗನೇ ಬೇಕು. ಹೊಸದಾಗಿ ಮದುವೆಯಾದವನಿಗೆ ಪ್ರೇಮಕಥೆ ಕೊಟ್ಟರೆ ವೇಗದ ಮಿತಿ ಮರೆಯುತ್ತಾನೆ, ಅವನಿಗೆ ಅಂತರ್ಯುದ್ಧದ ಇತಿಹಾಸ, ಇಪ್ಪತ್ತು ಕ್ಯಾಸೆಟ್ಟು. ಇಷ್ಟೆಲ್ಲ ಖಚಿತವಾಗಿ ಹೇಳುತ್ತಿದ್ದ ಈ ತಾಯಿ ತನ್ನ ಊರು ಬಿಟ್ಟು ಹೋದ ಅತಿ ದೂರದ ಜಾಗವೆಂದರೆ ನೂರು ಮೈಲಿಯೂ ಆಗದ ಶೈಯನ್. ಅದೂ ಹಲ್ಲು ಕೀಳಿಸಿಕೊಳ್ಳಲು.

ಅವಳ ಮನೆ ನಿಲ್ದಾಣದಿಂದ ಇಪ್ಪತ್ತೆಂಟು ಮೈಲಿ, ಬಹುಪಾಲು ಜಲ್ಲಿ ರಸ್ತೆ. ಸಂಜೆ ಹೋಗುವಾಗ ಕ್ಯಾಸೆಟ್ಟಿನ ಒಂದು ಮಗ್ಗುಲು, ಬೆಳಿಗ್ಗೆ ಬರುವಾಗ ಇನ್ನೊಂದು ಮಗ್ಗುಲು. ಅಲ್ಲಿಗೆ ಪುಸ್ತಕದ ಮೊದಲ ಕ್ಯಾಸೆಟ್ಟು ಮುಗಿಯುತ್ತಿತ್ತು. ಎರಡನೆಯದನ್ನು ಅವಳು ಮುಟ್ಟುತ್ತಿರಲಿಲ್ಲ. "ಗಿರಾಕಿಗೆ ಅಂತ ಇಟ್ಟಿರೋದನ್ನ ನಾನೇ ಇಟ್ಕೊಂಡು ಕೂತ್ರೆ ಹೆಂಗೆ? ರುಚಿ ನೋಡೋಕೆ ಒಂದು ಚಮಚ ಸಾಕು," ಎನ್ನುತ್ತಿದ್ದಳು. ಹೀಗೆ ಹನ್ನೊಂದು ವರ್ಷದಲ್ಲಿ ಮುನ್ನೂರ ಹನ್ನೆರಡು ಪುಸ್ತಕಗಳ ಆರಂಭ ಅವಳಿಗೆ ಬಾಯಿಪಾಠವಾಗಿತ್ತು. ಕೊನೆಗಳನ್ನು ಮಾತ್ರ ನಾವು ತಂದುಕೊಡಬೇಕಿತ್ತು. ಅಡುಗೆ ವಿಧಾನದ ಚೀಟಿಗಳನ್ನು ಇಡುವ ತಗಡಿನ ಪೆಟ್ಟಿಗೆಯೊಂದು ಅವಳ ಬಳಿ ಇತ್ತು. ಪುಸ್ತಕಕ್ಕೊಂದು ಚೀಟಿ. ನಾವು ಬಂದು ಕೊನೆ ಹೇಳಿದಂತೆ ದುಂಡಗೆ ಬರೆದುಕೊಳ್ಳುವಳು. ಮುಂದಿನವನಿಗೆ ಪುಸ್ತಕ ಆರಿಸುವುದು ಆ ಚೀಟಿಯ ಆಧಾರದ ಮೇಲೆ.

ಇಲ್ಲೇ ಇದ್ದದ್ದು ಎಡವಟ್ಟು. ಲಾರಿಯವರಾದ ನಾವು ಬಹಳ ಜನ ಪುಸ್ತಕ ಮುಗಿಸುತ್ತಲೇ ಇರಲಿಲ್ಲ. ಲೋಡು ಇಳಿಯುವ ಊರು ಬರುತ್ತದೆ, ಕಥೆ ಅರ್ಧದಲ್ಲಿರುತ್ತದೆ, ಡಬ್ಬಿಯನ್ನು ಅಲ್ಲೇ ಒಪ್ಪಿಸಿ ಬರುತ್ತೇವೆ. ಆದರೆ ಮೇವಿಸ್ ಎರಡೂ ಕೈಯನ್ನು ಗಲ್ಲಕ್ಕೆ ಕೊಟ್ಟು "ಕೊನೇಲಿ ಏನಾಯ್ತು ಮರಿ?" ಎಂದು ಕೇಳಿದರೆ ಗೊತ್ತಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಮುಗಿಸಿದವರ ಕಷ್ಟ ಇನ್ನೊಂದು ಬಗೆಯದು. ಮೊದಲ ವರ್ಷ ಒಬ್ಬ ಪ್ರಾಮಾಣಿಕ ಮನುಷ್ಯ, ಕೊನೆಯಲ್ಲಿ ಕುದುರೆ ಸಾಯುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟನಂತೆ. ಆ ದಿನವಿಡೀ ಅವಳು ಕಣ್ಣೊರೆಸಿಕೊಳ್ಳುತ್ತ ಎಲ್ಲರ ಕಾಫಿಗೂ ಉಪ್ಪು ಹಾಕಿದಳು. ಆಮೇಲೆ ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ, ಆದರೂ ನಮ್ಮ ದಾರಿಯಲ್ಲಿ ಯಾವ ಕುದುರೆಯೂ ಸಾಯಲಿಲ್ಲ. ಅಗಲಿದವರು ಕೂಡಿದರು, ಕಳೆದ ನಾಯಿ ಮನೆಗೆ ಬಂತು, ಗಲ್ಲಿನ ಕೈದಿಗೆ ಕ್ಷಮೆ ಸಿಕ್ಕಿತು. ಮೇವಿಸ್ ಎಲ್ಲವನ್ನೂ ಬರೆದುಕೊಂಡಳು.

ನಾನು ಲೆಸ್ಟರ್. ಲಾರಿಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಸಿಬಿ ರೇಡಿಯೊದಲ್ಲಿ ನನ್ನ ಅಡ್ಡಹೆಸರು ಒಣರೊಟ್ಟಿ, ಹೊಟ್ಟೆಹುಣ್ಣಿನಿಂದಾಗಿ ನಾನು ತಿನ್ನುವುದೇ ಅದನ್ನು. ಸುಳ್ಳು ಹೇಳುವುದರಲ್ಲಿ ನಾನು ಬೇರೆಯವರಿಗಿಂತ ಕಮ್ಮಿಯೇನಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ 'ಹೆಸ್ಟರ್ ಪೈಕ್ ಮತ್ತು ಹೊಗೆಮನೆ' ಎಂಬ ಹತ್ತು ಕ್ಯಾಸೆಟ್ಟಿನ ಕಾದಂಬರಿಯನ್ನು ಒಯ್ದಿದ್ದೆ. ದ್ವೀಪವೊಂದರಲ್ಲಿ ಮೀನಿಗೆ ಹೊಗೆ ಹಾಕಿ ಮಾರುವ ಮುದುಕಿ ಹೆಸ್ಟರ್. ಜಗಳವಾಡಿ ಊರು ಬಿಟ್ಟು ಹೋದ ಮಗಳು. ಮುದುಕಿ ಪ್ರತಿ ಗುರುವಾರ ದೋಣಿ ಬರುವುದನ್ನು ಕಾಯುತ್ತಾಳೆ. ಚೆನ್ನಾಗಿಯೇ ಇತ್ತು, ಆದರೆ ಆರನೇ ಕ್ಯಾಸೆಟ್ಟಿನಲ್ಲಿ ಹೊಗೆಗೆ ಯಾವ ಮರದ ಕಟ್ಟಿಗೆ ಒಳ್ಳೆಯದೆಂದು ನಲವತ್ತು ನಿಮಿಷ ವಿವರಣೆ ಬಂತು. ಡಿ ಮೊಯ್ನ್‌ನಲ್ಲಿ ಡಬ್ಬಿ ಒಪ್ಪಿಸಿ ಕೈ ತೊಳೆದುಕೊಂಡೆ.

ಮೇವಿಸ್ ಕೇಳಿದಾಗ, "ಮಗಳು ಬರ್ತಾಳೆ. ದೋಣಿಯಿಂದ ಪೆಟ್ಟಿಗೆ ಹಿಡ್ಕೊಂಡು ಇಳೀತಾಳೆ. ಇಬ್ರೂ ಕೂತು ಹಣ್ಣಿನ ಪೈ ತಿಂತಾರೆ," ಎಂದೆ.

"ಯಾವ ಪೈ?"

"ಬ್ಲೂಬೆರಿ," ಎಂದೆ. ಅವಳು ಬ್ಲೂಬೆರಿ ಎಂದೂ ಬರೆದುಕೊಂಡಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನು ಪೂರ್ವಕ್ಕೆ ಹೋಗುತ್ತ ಲೋನ್ ಎಲ್ಮ್‌ನಲ್ಲಿ ನಿಲ್ಲಿಸಿದಾಗ ಮೇವಿಸ್‌ಳ ಮುಖ ಹಬ್ಬದ ಮುಖವಾಗಿತ್ತು. ರೊಟ್ಟಿ ತಟ್ಟೆಗೆ ಬೀಳುವ ಮೊದಲೇ ಶುರುಮಾಡಿದಳು.

"ಎಲ್ಡನ್ ಕ್ರೂಗರ್ ಗೊತ್ತಲ್ಲ? ಈಗ ಒಂದು ಗಂಟೆ ಹಿಂದೆ ರೀನೋಗೆ ಹೊರಟ."

ಎಲ್ಡನ್ ಗೊತ್ತಿಲ್ಲದವರು ಯಾರು? ಬಾಗಿಲಲ್ಲಿ ಬಗ್ಗಿ ಬರುವ ಆಳು, ದಿನಕ್ಕೆ ಹನ್ನೆರಡು ಮಾತು ಆಡಿದರೆ ಹೆಚ್ಚು, ಅದರಲ್ಲಿ ನಾಲ್ಕು 'ಹೂಂ'.

"ಅವನು ಬಾಯಿ ಬಿಟ್ಟ ಕಣೋ," ಎಂದಳು ಮೇವಿಸ್. "ಯಾರು ಕಾಯ್ತಿದಾರೆ ಅಂದೆ. ಯಾರೂ ಇಲ್ಲ ಅಂದ. ಹೋಗಲಿಲ್ಲ, ನಿಂತೇ ಇದ್ದ. ಆಮೇಲೆ ಹೇಳ್ದ. ಬಾಯ್ಸಿ ಅನ್ನೋ ಊರಲ್ಲಿ ಮಗಳಿದಾಳಂತೆ, ಜೋಯೆಲ್ ಅಂತ. ಎರಡೂವರೆ ವರ್ಷದಿಂದ ಮಾತಿಲ್ಲ. ಅವಳ ಮದುವೆ ದಿನ ಇವನು ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕೊಂಡುಬಿಟ್ಟ, ಹಿಮ ಬಿದ್ದು ಡಾನರ್ ಘಾಟಿ ಮುಚ್ಚಿತ್ತಂತೆ. ಆ ಹುಡುಗಿ ನಂಬಲೇ ಇಲ್ಲ. ತಾನೇ ಹೋಗೋದಾ, ಅವಳೇ ಬರ್ಲಿ ಅಂತ ಕಾಯೋದಾ ಅಂತ ಕೇಳ್ದ. ನನ್ನನ್ನ ಕೇಳ್ದ ನೋಡು!"

"ನೀನೇನಂದೆ?"

"ನಾನ್ಯಾಕೆ ಹೇಳ್ಲಿ? ಹೆಸ್ಟರ್ ಪೈಕ್ ಕೊಟ್ಟೆ. ಹತ್ತು ಕ್ಯಾಸೆಟ್ಟು, ರೀನೋಗೆ ಸರಿಯಾಗಿ ಮುಗಿಯುತ್ತೆ. ಇದರಲ್ಲಿ ಮಗಳು ಬಂದೇ ಬರ್ತಾಳೆ, ನೀನು ಸುಮ್ನೆ ಕಾಯ್ತಾ ಇರಬೇಕಷ್ಟೆ ಅಂದೆ."

ನಾನು ಒಣರೊಟ್ಟಿಯನ್ನು ತಟ್ಟೆಗೆ ಇಳಿಸಿದೆ. ಆ ಪುಸ್ತಕದ ಕೊನೆ ನನಗೆ ಗೊತ್ತಿರಲಿಲ್ಲ. ಅಲ್ಲಿ ಏನು ಬೇಕಾದರೂ ಇರಬಹುದು. ಹೆಸ್ಟರ್ ಸಮುದ್ರಕ್ಕೆ ಹಾರಿದರೂ ಹಾರಿರಬಹುದು. ಒಂದು ಪೈ ತುಂಡಿನ ನನ್ನ ಸುಳ್ಳನ್ನು ನೆಚ್ಚಿಕೊಂಡು ಆ ದೊಡ್ಡ ಮನುಷ್ಯ ಉಳಿದ ಆಯುಷ್ಯವನ್ನೆಲ್ಲ ಕಾಯುತ್ತ ಕೂತರೆ? ಆಗಲೇ ಮೇವಿಸ್‌ಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅವಳ ಮುಖದಲ್ಲಿದ್ದ ಆ ಹೆಮ್ಮೆ ನೋಡಿ ಹೆದರಿ, ಕಾಫಿ ಅರ್ಧಕ್ಕೆ ಬಿಟ್ಟು ಲಾರಿ ಹತ್ತಿದೆ.

ಅವನು ಪಶ್ಚಿಮಕ್ಕೆ, ನಾನು ಪೂರ್ವಕ್ಕೆ. ನನಗೆ ಉಳಿದದ್ದು ಸಿಬಿ ರೇಡಿಯೊ ಒಂದೇ, ಅದೂ ನಾಲ್ಕಾರು ಮೈಲಿಯಾಚೆ ಮುಟ್ಟದು. ಎದುರಿಗೆ ಬಂದ ಲಾರಿಗಳನ್ನೆಲ್ಲ ಕೇಳುತ್ತ ಹೋದೆ.

"ಒಣರೊಟ್ಟಿ ಮಾತಾಡ್ತಿರೋದು. ಹೆಸ್ಟರ್ ಪೈಕ್ ಕೊನೇವರೆಗೂ ಕೇಳಿದೋರು ಯಾರಾದ್ರೂ ಇದೀರಾ?"

"ಇದೀನಿ," ಎಂದಿತು ಒಂದು ದನಿ. "ಕೊನೇಲಿ ಹಡಗು ಮುಳುಗುತ್ತೆ."

"ಯಾವ ಹಡಗಯ್ಯಾ? ಅದರಲ್ಲಿರೋದು ದೋಣಿ."

"ಹಂಗಾದ್ರೆ ದೋಣಿ ಮುಳುಗುತ್ತೆ."

ಇನ್ನೊಬ್ಬ, ಹೆಸ್ಟರ್ ಒಬ್ಬ ಪೊಲೀಸನನ್ನು ಮದುವೆಯಾಗುತ್ತಾಳೆ ಎಂದ. ಕೀರ್ನಿ ಹತ್ತಿರ ಒಬ್ಬ ಹೆಂಗಸಿನ ದನಿ ಬಹಳ ಗಟ್ಟಿಯಾಗಿ ಹೇಳಿತು: "ಮಗಳು ವಾಪಸ್ ಬರ್ತಾಳೆ. ಇಬ್ರೂ ಬ್ಲೂಬೆರಿ ಪೈ ತಿಂತಾರೆ. ನಾನು ಪೂರ್ತಿ ಕೇಳಿದೀನಿ." ನನ್ನ ಪೈ ನೆಬ್ರಾಸ್ಕಾ ಸುತ್ತಿ ನನ್ನ ಬಾಯಿಗೇ ಬಂದಿತ್ತು. "ಪೂರ್ತಿ ಕೇಳಿದ್ಯಾ, ಇಲ್ಲಾ ಮೇವಿಸ್ ಹೇಳಿದ್ದಾ?" ಎಂದೆ. "ನಿನಗ್ಯಾಕೆ ಬೇಕು ಅದು?" ಎಂದು ಅವಳು ಚಾನೆಲ್ಲು ಬದಲಿಸಿದಳು. ಅಯೋವಾ ಗಡಿ ಮುಟ್ಟುವಷ್ಟರಲ್ಲಿ ಹೆಸ್ಟರ್‌ಗೆ ಏಳು ಬಗೆಯ ಕೊನೆ ಸಿಕ್ಕಿದ್ದವು. ನಿಜವಾದದ್ದು ಒಂದೂ ಇರಲಿಲ್ಲ ಎಂದು ನನಗೆ ಖಾತ್ರಿಯಿತ್ತು.

ನಾಲ್ಕು ದಿನ ಬಿಟ್ಟು ಪಶ್ಚಿಮಕ್ಕೆ ತಿರುಗಿ ಬಂದಾಗ ನೇರ ಕೌಂಟರಿಗೆ ಹೋಗಿ ಟೋಪಿ ತೆಗೆದೆ. ಎಲ್ಲವನ್ನೂ ಒಪ್ಪಿಕೊಂಡೆ. ಹೊಗೆ, ಕಟ್ಟಿಗೆ, ಆರನೇ ಕ್ಯಾಸೆಟ್ಟು, ಎಲ್ಲ. ಮೇವಿಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಯಾವ ಪೈ ಅಂತ ಕೇಳ್ದೆ," ಎಂದಳು ಮೆಲ್ಲಗೆ. "ಕಣ್ಣು ಮಿಟುಕಿಸದೆ ಬ್ಲೂಬೆರಿ ಅಂದ್ಯಲ್ಲೋ."

"ಹೂಂ."

"ಉಳಿದೋರು?"

ಇಲ್ಲಿ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. "ಎಲ್ಲರೂ ಅಷ್ಟೆ," ಎಂದುಬಿಟ್ಟೆ.

ಅವಳು ತಗಡಿನ ಪೆಟ್ಟಿಗೆ ತೆರೆದು ಚೀಟಿಗಳನ್ನು ಒಂದೊಂದಾಗಿ ಓದುತ್ತ ಹೋದಳು. "ಮುನ್ನೂರ ಹನ್ನೆರಡು ಪುಸ್ತಕದಲ್ಲಿ ಒಂದೇ ಒಂದು ಕುದುರೆ ಸತ್ತಿದೆ," ಎಂದಳು. "ನನಗಾದ್ರೂ ತಿಳೀಬಾರದಾ?" ಆಮೇಲೆ ಎದ್ದು ಸ್ಟ್ಯಾಂಡನ್ನು ಗೋಡೆಯ ಕಡೆ ದೂಡಿ, ಅದರ ಮೇಲೆ ಮೇಜುಬಟ್ಟೆ ಹೊದಿಸಿದಳು. ನನಗೆ ಅಳು ಬಂತು ಎಂದರೆ ನಂಬುತ್ತೀರೋ ಇಲ್ಲವೋ. ಅವಳು ಮನೆಗೆ ಹೋಗುವಾಗ ಕಾರಿನಲ್ಲಿ ಮೊದಲ ಕ್ಯಾಸೆಟ್ಟನ್ನೂ ಹಾಕಲಿಲ್ಲವೆಂದು ಅಡುಗೆಯವನು ಆಮೇಲೆ ಹೇಳಿದ.

ಸುದ್ದಿ ಹೆದ್ದಾರಿಯುದ್ದಕ್ಕೂ ಹರಡಿತು. ಬೈಸಿಕೊಂಡವನು ನಾನೊಬ್ಬನೇ. ಸುಳ್ಳು ಹೇಳಿದ್ದಕ್ಕಲ್ಲ, ನಿಜ ಹೇಳಿದ್ದಕ್ಕೆ. "ಹನ್ನೊಂದು ವರ್ಷ ಕಾಪಾಡ್ಕೊಂಡು ಬಂದಿದ್ವಲ್ಲೋ, ಒಂದು ಕಾಫಿ ಕುಡಿಯೋ ಹೊತ್ತಲ್ಲಿ ಹಾಳುಮಾಡಿದ್ಯಲ್ಲ," ಎಂದು ಎದುರು ಲಾರಿಯವರು ರೇಡಿಯೊದಲ್ಲಿ ಉಗಿದರು. ಪುಸ್ತಕವಿಲ್ಲದೆ ವಯೋಮಿಂಗ್ ದಾಟುವುದು ಎಂಥ ಶಿಕ್ಷೆ ಎಂದು ಆಗ ಎಲ್ಲರಿಗೂ ತಿಳಿಯಿತು. ಅಲ್ಲಿ ನೋಡಲು ಇರುವುದೇ ಬೇಲಿ.

ಎಲ್ಡನ್ ವಾಪಸು ಬರುವ ದಿನ ಗುರುವಾರವೆಂದು ಗೊತ್ತಾಗಿ, ನಾನು ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಸೇರುವಂತೆ ಲಾರಿ ಓಡಿಸಿದೆ. ಮೇವಿಸ್ ನನಗೆ ತಣ್ಣಗಾದ ಕಾಫಿ ಕೊಟ್ಟಳು. ಎರಡು ಗಂಟೆಗೆ ಎಲ್ಡನ್ ಬಗ್ಗಿಕೊಂಡು ಒಳಗೆ ಬಂದ. ಡಬ್ಬಿಯನ್ನು ಕೌಂಟರಿನ ಮೇಲೆ ಇಟ್ಟ.

"ಮುದುಕಿ ಸತ್ತಳು," ಎಂದ.

ಮೇವಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಎಲ್ಡನ್, ಮರಿ, ನನಗೆ ಗೊತ್ತಿರಲಿಲ್ಲ..."

"ಒಂಬತ್ತನೇದರಲ್ಲಿ. ಹೊಗೆಮನೆ ಬಾಗಿಲಲ್ಲಿ ಕೂತಲ್ಲೇ." ಆ ದಿನ ಅವನು ಆಡಿದಷ್ಟು ಮಾತನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. "ನೀನು ಮಗಳು ಬರ್ತಾಳೆ ಅಂದಿದ್ದೆ. ಏಳನೇದರಲ್ಲಿ ಕಾದೆ. ಎಂಟನೇದರಲ್ಲಿ ಕಾದೆ. ದೋಣಿ ಬಂದಾಗೆಲ್ಲ, ಇದರಲ್ಲಿ ಇದ್ದೇ ಇರ್ತಾಳೆ ಅಂತ ದನಿ ಜಾಸ್ತಿ ಮಾಡ್ತಿದ್ದೆ. ಮುದುಕಿ ಹೋಗಿಬಿಟ್ಟಳು. ಲಾರಿ ಪಕ್ಕಕ್ಕೆ ಹಾಕಿ ನಿನ್ನನ್ನ ಬಾಯಿಗೆ ಬಂದಂಗೆ ಬೈದೆ ಮೇವಿಸ್. ಬ್ಯಾಟಲ್ ಮೌಂಟನ್ ಊರು ಬರೋವರೆಗೂ ಬೈದೆ. ಅಲ್ಲಿ ಫೋನಿತ್ತು."

"ಮಾಡಿದ್ಯಾ?"

"ಹೂಂ. ನನ್ನ ದನಿ ಕೇಳಿದ್ದೇ, ಯಾರು ಸತ್ತರು ಅಂದಳು. ಇನ್ಯಾವುದಕ್ಕೆ ನಾನು ಫೋನ್ ಮಾಡ್ತೀನಿ ಅಂತ ಅಂದ್ಕೊಳ್ತಾಳೆ ಹೇಳು. ಹೆಸ್ಟರ್ ಅಂದೆ. ಯಾವ ಹೆಸ್ಟರ್ ಅಂದಳು. ಮೀನಿಗೆ ಹೊಗೆ ಹಾಕೋಳು ಅಂದೆ. ಆಮೇಲೆ ಪೂರ್ತಿ ಕಥೆ ಹೇಳ್ಬೇಕಾಯ್ತು. ಕಟ್ಟಿಗೆ ವಿಷಯಾನೂ ಬಿಡಲಿಲ್ಲ."

ನಾನು ಕಾಫಿಯೊಳಗೆ ಮುಖ ಇಟ್ಟೆ.

"ಅವಳೇನಂದಳು?" ಎಂದಳು ಮೇವಿಸ್.

"ಮುಂದೇನಾಯ್ತು ಅಂದಳು. ಇನ್ನೊಂದು ಕ್ಯಾಸೆಟ್ಟು ಉಳಿದಿದೆ ಅಂದೆ. ಹಾಕ್ಬೇಡ, ಇಲ್ಲಿಗೆ ತಗೊಂಡು ಬಾ ಅಂದಳು." ಎಲ್ಡನ್ ಅಂಗಿಯ ಜೇಬು ಮುಟ್ಟಿಕೊಂಡ. ಹತ್ತನೇ ಕ್ಯಾಸೆಟ್ಟು ಅಲ್ಲಿತ್ತು. "ವಾಪಸಿನ ಲೋಡು ಒಪ್ಪಿಕೊಂಡಿದ್ದೆ, ಈಗ ಇಳಿಸಾಯ್ತು, ಇವತ್ತು ಹೊರಟಿದೀನಿ. ಬಾಯ್ಸಿಗೆ. ಹದಿಮೂರು ಗಂಟೆ. ದಾರಿಗೆ ಒಂದು ಪುಸ್ತಕ ಕೊಡು, ಸ್ವಲ್ಪ ನಗೋ ಅಂಥದ್ದು. ಒಬ್ಬನೇ ಕೂತ್ರೆ ಆ ಮದುವೆ ದಿನದ್ದೇ ತಲೇಲಿ ಸುತ್ತುತ್ತೆ. ಘಾಟಿ ಮುಚ್ಚಿತ್ತು ಅಂದ್ರೆ ಅವಳಿನ್ನೂ ನಂಬಲ್ಲ."

ಮೇವಿಸ್ ಸ್ಟ್ಯಾಂಡಿನ ಕಡೆ ಹೋದಳು. ಮೇಜುಬಟ್ಟೆಯನ್ನು ಅರ್ಧ ಎತ್ತಿದಳು. ಹದಿನೈದು ದಿನದ ಹಿಂದಿನ ಮೇವಿಸ್ ಆಗಿದ್ದರೆ ಅದನ್ನು ಅರ್ಧ ಸುತ್ತು ತಿರುಗಿಸಿ ಒಂದು ಡಬ್ಬಿ ತೆಗೆದು ಕೊಟ್ಟುಬಿಡುತ್ತಿದ್ದಳು. ಈಗ ಅವಳ ಕೈ ನಿಂತಿತು. ಲಾರಿಯವರು ಹೇಳುವ ಕೊನೆಗಳ ಬಗ್ಗೆ ಅವಳು ನನ್ನಿಂದ ಕಲಿತದ್ದು ಇನ್ನೂ ಹಸಿಯಾಗಿತ್ತು.

"ಘಾಟಿ ಮುಚ್ಚಿತ್ತಾ ಎಲ್ಡನ್?" ಎಂದಳು.

ಎಲ್ಡನ್ ಟೋಪಿಯ ಅಂಚನ್ನು ಒಂದು ಸುತ್ತು ಪೂರ್ತಿ ತಿರುಗಿಸಿದ. ಒಲೆಯ ಮೇಲೆ ಏನೋ ಸೀಯುತ್ತಿತ್ತು, ಅಡುಗೆಯವನೂ ನೋಡುತ್ತ ನಿಂತಿದ್ದ.

"ಇಲ್ಲ," ಎಂದ ಎಲ್ಡನ್. "ತೆರೆದೇ ಇತ್ತು. ಮದುವೇಲಿ ಅವಳ ಅಮ್ಮ ಇರ್ತಾಳೆ, ಅಮ್ಮನ ಹೊಸ ಗಂಡ ಇರ್ತಾನೆ. ನಾನು ಹೋಗಿ ಯಾವ ಕುರ್ಚೀಲಿ ಕೂರಬೇಕು ಅಂತ ಗೊತ್ತಾಗ್ಲಿಲ್ಲ."

ಮೇವಿಸ್ ಮೇಜುಬಟ್ಟೆಯನ್ನು ಮತ್ತೆ ಇಳಿಬಿಟ್ಟಳು. ಕೌಂಟರಿನ ಈಚೆಗೆ ಬಂದು, ಅವನ ಎದೆಯೆತ್ತರಕ್ಕೂ ಬಾರದ ಆ ಹೆಂಗಸು, ಅವನ ಅಂಗಿಯ ಗುಂಡಿಯೊಂದನ್ನು ಸರಿಮಾಡಿದಳು.

"ಪುಸ್ತಕ ಕೊಡಲ್ಲ ಮರಿ," ಎಂದಳು. "ಈಗ ಹೇಳಿದ್ಯಲ್ಲ, ಅದನ್ನೇ ಹದಿಮೂರು ಗಂಟೆ ಹೇಳಿಕೊಂಡು ಹೋಗು. ಅಲ್ಲಿಗೆ ಹೋಗೋವಷ್ಟರಲ್ಲಿ ಬಾಯಿಗೆ ಬಂದಿರುತ್ತೆ."